ಕೆಲಸ ಕೇಳಿ ಬಂದ ಗಂಡ

ಬೇಕರಿ ಅಕ್ಕನ ಮಾತಿಗೆ ಆ ಬೀದಿಯಲ್ಲಿ ಎದುರಾಡುವವರಿರಲಿಲ್ಲ. ಹಾಲಿನವನು, ಅಂಗಡಿ ಬಾಡಿಗೆಗೆ ಕೊಟ್ಟ ಕಟ್ಟಡದ ಓನರು, ಕೊನೆಗೆ ಸ್ವಂತ ಅತ್ತೆ ಕೂಡ ಅವಳು ಹಾಕಿದ ಗೆರೆ ದಾಟುತ್ತಿರಲಿಲ್ಲ. ದಾಟುತ್ತಿದ್ದವನು ಕಟ್ಟಿಕೊಂಡ ಗಂಡ ಒಬ್ಬನೇ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಅವಳ ಬೇಕರಿಯ ಮುಂದೆ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುತ್ತ ದಿನ ದೂಡುತ್ತಿದ್ದ.

ಅಂಗಡಿ ನಡೆಯುತ್ತಿದ್ದದ್ದು ಬನ್ನು ಬೇಯಿಸುವ ಭಟ್ಟಿಯವನಿಂದ. ಹೊರದೇಶದವನು. ಅವನ ಭಾಷೆ ಇಲ್ಲಿ ಯಾರಿಗೂ ಬಾರದು, ಎಲ್ಲ ಕೈಸನ್ನೆಯಲ್ಲೇ. ಅವನ ಬನ್ನು ತಿಂದವರು ಬೇರೆ ಬೇಕರಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಹೀಗಿರುವಾಗ ವೀಸಾ ನಿಯಮ ಬದಲಾಯಿತು. ಹೊರಗಿನವರ ವೀಸಾ ಮುಂದುವರಿಯಬೇಕಾದರೆ ಆ ಕೆಲಸಕ್ಕೆ ಮೊದಲು ಊರಿನವರನ್ನು ಕರೆಯಬೇಕಂತೆ. ಯೋಗ್ಯನೊಬ್ಬ ಸಿಕ್ಕಿದರೆ ಹೊರಗಿನವನು ಗಂಟುಮೂಟೆ ಕಟ್ಟಬೇಕಂತೆ. ಅಕ್ಕ ಧೈರ್ಯವಾಗಿ ‘ಭಟ್ಟಿ ಕೆಲಸಕ್ಕೆ ಜನ ಬೇಕು’ ಎಂದು ಬೋರ್ಡು ತೂಗುಹಾಕಿದಳು. ನಸುಕಿನಲ್ಲಿ ಎದ್ದು ಭಟ್ಟಿಯ ಮುಂದೆ ಬೇಯಲು ಯಾವ ಪುಣ್ಯಾತ್ಮ ಬರುತ್ತಾನೆ?

ಒಬ್ಬ ಬಂದ. ಅವಳ ಗಂಡ.

“ನಿಮಗೇನ್ರೀ ಬಂತು ರೋಗ?”

“ಯಾಕೆ, ನಾನು ಈ ಊರಿನವನಲ್ವಾ?”

ಪರೀಕ್ಷೆ ನೋಡಲು ವೀಸಾ ಕಚೇರಿಯ ಅಧಿಕಾರಿ ಬಂದು ಕೂತ. ಗಂಡ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ನಾದಿದ. ಕುರ್ಚಿಯಲ್ಲಿ ಕೂತು ಇಷ್ಟು ದಿನ ಕದ್ದು ನೋಡಿದ್ದ ಅಂತ ಕಾಣುತ್ತದೆ, ಬನ್ನು ಹೂವಿನಂತೆ ಅರಳಿತು. ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಹೆಮ್ಮೆಯೂ ಆಯಿತು, ಭಯವೂ ಆಯಿತು. ಚೆನ್ನಾಗಿದೆ ಎಂದರೆ ಭಟ್ಟಿಯವನು ಕೈಬಿಟ್ಟು ಹೋಗುತ್ತಾನೆ. ಚೆನ್ನಾಗಿಲ್ಲ ಎಂದರೆ ಗಂಡ ಸಾಯುವ ತನಕ ಮುಖ ಊದಿಸಿಕೊಂಡಿರುತ್ತಾನೆ.

“ಬನ್ನೇನೋ ಚೆನ್ನಾಗಿದೆ ಸಾರ್,” ಎಂದಳು. “ಆದ್ರೆ ಇವರು ನಾನು ಹೇಳಿದ್ದು ಕೇಳಲ್ಲ.”

“ಯಾರಂದಿದ್ದು?” ಎಂದ ಗಂಡ.

“ಹಾಗಾದ್ರೆ ಮುಖದ ಹಿಟ್ಟು ಒರೆಸ್ಕೊಳ್ಳಿ.”

“ಇರ್ಲಿ ಬಿಡೇ, ಆಮೇಲೆ ನೋಡೋಣ.”

ಅಧಿಕಾರಿಗೂ ಮದುವೆಯಾಗಿತ್ತು. ‘ಮಾಲೀಕರ ಮಾತಿಗೆ ಬಗ್ಗುವವನಲ್ಲ, ಆದ್ದರಿಂದ ಅಯೋಗ್ಯ’ ಎಂದು ಷರಾ ಬರೆದು, ಭಟ್ಟಿಯವನ ವೀಸಾ ಮುಂದುವರಿಸಿ, ಉಳಿದ ಬನ್ನು ಕಟ್ಟಿಸಿಕೊಂಡು ಹೊರಟ.

ಗಂಡ ಗೋಡೆಗೆ ಮುಖ ಮಾಡಿ ಕೂತ. ಅಕ್ಕ ಪಕ್ಕಕ್ಕೆ ಬಂದು ನಿಂತಳು.

“ಅಲ್ರೀ, ಈ ವಯಸ್ಸಲ್ಲಿ ಯಾಕೆ ಬೇಕಿತ್ತು ನಿಮಗೆ?”

“ನೀನು ಇಡೀ ದಿನ ಒಳಗಡೆ ಇರ್ತೀಯ,” ಎಂದ ಅವನು ಗೋಡೆಗೆ. “ಹೊರಗಡೆ ಒಬ್ಬನೇ ಕೂತು ನನಗೆ ಬೇಜಾರು.”

ಅಕ್ಕ ಸೆರಗಿನಿಂದ ಅವನ ಮುಖದ ಹಿಟ್ಟು ಒರೆಸಿದಳು. ಇಷ್ಟು ವರ್ಷದಲ್ಲಿ ಇದೇ ಮೊದಲು. “ನಾಳೆಯಿಂದ ಒಳಗೆ ಬನ್ನಿ. ಸಂಬಳ ಕೇಳ್ಬೇಡಿ. ಭಟ್ಟಿಯವನ ಕೈಕೆಳಗಿರಬೇಕು ಅಷ್ಟೇ,” ಎಂದಳು.

ಮಾರನೆಯ ಬೆಳಿಗ್ಗೆ ಬಾಗಿಲ ಸಂದಿಯಿಂದ ಇಣುಕಿದಳು. ಭಟ್ಟಿಯವನು ತನ್ನ ಭಾಷೆಯಲ್ಲಿ ಏನೋ ಅಂದು ಮೂಲೆಯತ್ತ ಬೆರಳು ತೋರಿಸಿದ. ಮನೆಯಲ್ಲಿ ಬಿದ್ದ ಕಡ್ಡಿಯನ್ನೂ ಎತ್ತಿಡದ ಗಂಡ “ಆಯ್ತಪ್ಪಾ” ಎಂದು ಪೊರಕೆ ಹಿಡಿದು ಮೂಲೆ ಗುಡಿಸಿದ. ಭಟ್ಟಿಯವನು ಮತ್ತೇನೋ ಅಂದ. ಗಂಡ ಕೈ ತೊಳೆದು ಬಂದು ನಿಂತ.

ಗಂಡನಿಗೆ ಇಷ್ಟು ವರ್ಷ ಅರ್ಥವಾಗುವ ಭಾಷೆಯಲ್ಲಿ ಹೇಳಿಕೊಂಡು ಬಂದದ್ದೇ ತಪ್ಪಾಯಿತು ಎಂದು ಅಕ್ಕನಿಗೆ ಆಗ ಹೊಳೆಯಿತು. ಅವತ್ತು ಮಧ್ಯಾಹ್ನವೇ ಅವಳು ಭಟ್ಟಿಯವನ ಎದುರು ಸ್ಟೂಲ್ ಎಳೆದು ಕೂತು, ಸನ್ನೆ ಮಾಡಿ ಮಾಡಿ, ‘ಬೇಗ ಸ್ನಾನ ಮಾಡಿ’ ಎನ್ನುವುದನ್ನು ಅವನ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡಳು.