ಕೈಗೆ ಕೊಟ್ಟರೆ ಮಾತ್ರ

ನನ್ನ ಸೋದರತ್ತೆ ಗಾಳೆಮ್ಮ ಬೌದ್ಧಳಾಗಿದ್ದು ಮನಸ್ಸಿನಿಂದಲ್ಲ, ಗಂಡನ ಕಾಟಕ್ಕೆ. ನೀರಾವರಿ ಇಲಾಖೆಯಲ್ಲಿ ಜವಾನನಾಗಿದ್ದ ಪಕೀರಪ್ಪ ಮಾವ ೧೯೮೭ರಲ್ಲಿ ಗುಲ್ಬರ್ಗಾಕ್ಕೆ ಹೋಗಿ ದೀಕ್ಷೆ ತಗೊಂಡು ಬಂದವನೇ ಮಸ್ಕಿಯ ಮನೆಯ ಗೋಡೆಗೆ ಬುದ್ಧನ ಫೋಟೊ ತೂಗುಹಾಕಿದ. ಅತ್ತೆ ಬೇಡ ಅನ್ನಲಿಲ್ಲ. ತಾನು ಹೆಸರು ಹೊತ್ತ ದೇವಿಯ ಫೋಟೊವನ್ನು ಮಾತ್ರ ಜೋಳದ ಗಡಿಗೆಯ ಹಿಂದೆ ಇಟ್ಟುಕೊಂಡು, ಮಾವ ಡ್ಯೂಟಿಗೆ ಹೋದಮೇಲೆ ಊದಿನಕಡ್ಡಿ ಹಚ್ಚುತ್ತಿದ್ದಳು. ಮಾವನಿಗೂ ಗೊತ್ತಿತ್ತು, ಅವನೇನು ಮೂಗಿಲ್ಲದವನಲ್ಲ.

ಅತ್ತೆಯ ತವರು ದಢೇಸುಗೂರು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಸಸಿ ಹಚ್ಚುತ್ತ ಬೆಳೆದವಳು. ಅವಳು ಹಚ್ಚಿದ ನೆಲ್ಲಿನ ಅನ್ನವನ್ನು ಇಡೀ ತಾಲೂಕು ಉಂಡಿದೆ. ಅವಳ ಕೈಯಿಂದ ಒಂದು ಲೋಟ ನೀರನ್ನು ಮಾತ್ರ ಮೇಲಿನ ಓಣಿಯವರು ಯಾರೂ ಇಸಗೊಂಡಿರಲಿಲ್ಲ. ಏನು ಕೊಡುವುದಿದ್ದರೂ ಕೆಳಗಿಟ್ಟು ಹಿಂದೆ ಸರಿಯಬೇಕು. ನಲವತ್ತೈದು ವರ್ಷ ಸರಿದೂ ಸರಿದೂ ಅವಳಿಗೆ ಅದು ರೂಢಿಯಾಗಿಹೋಗಿತ್ತು. ನನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ.

೧೯೯೧ರಲ್ಲಿ ಶ್ರೀಲಂಕಾದ ಭಿಕ್ಕು ಒಬ್ಬರು ಅಶೋಕನ ಶಾಸನ ನೋಡಲು ಮಸ್ಕಿಗೆ ಬರುತ್ತಾರೆಂದು ಮಾವನಿಗೆ ಕಾಗದ ಬಂತು. ಊಟ ನಮ್ಮ ಮನೆಯಲ್ಲೇ ಎಂದು ಅವನು ತಿರುಗಿ ಬರೆದುಬಿಟ್ಟ. ಅತ್ತೆ ಹರಿಹಾಯ್ದಳು.

“ಎಷ್ಟು ಮಂದಿ ಸ್ವಾಮಿಗೋಳು ಈ ಊರಿಗೆ ಬಂದು ಹೋಗ್ಯಾರ, ಒಬ್ಬರರ ನಮ್ಮ ಓಣಿ ಹೊಕ್ಕಾರೇನು? ಈಗ ಹೇಳಿರ್ತೀನಿ ಕೇಳ್ರಿ. ಇವ್ರೂ ಉಣ್ಣಲಿಲ್ಲಂದ್ರ ಅವತ್ತೇ ನಿಮ್ಮ ಬುದ್ಧನ್ನ ಗ್ವಾಡಿ ಬಿಟ್ಟು ಇಳಸ್ತೀನಿ.”

“ಉಣ್ತಾರಬೇ, ಉಣ್ತಾರ,” ಅಂದ ಮಾವನ ದನಿಯಲ್ಲಿ ಅಂಥ ಧೈರ್ಯವೇನೂ ಇರಲಿಲ್ಲ. ಭಿಕ್ಕುಗಳು ಹಗಲು ಹನ್ನೆರಡಾದ ಮೇಲೆ ಉಣ್ಣುವುದಿಲ್ಲ ಎಂಬುದೊಂದೇ ಅವನಿಗೆ ಗೊತ್ತಿದ್ದ ನಿಯಮ. ಲಿಂಗಸುಗೂರಿನ ಶಾಲೆಯಲ್ಲಿ ಕಲಿಸುತ್ತಿದ್ದ ನನ್ನನ್ನು ಇಂಗ್ಲಿಷಿಗೆಂದು ಕರೆಸಿಕೊಂಡ.

ಸಿಂಧನೂರಿನ ಬಸ್ಸು ತಡಮಾಡಿ, ಹತ್ತೂವರೆಗೆ ಭಿಕ್ಕುವನ್ನು, ಮಾವ ಕರೆಯುವಂತೆ ಭಂತೇಜಿಯನ್ನು, ಇಳಿಸಿತು. ಮೂವತ್ತರ ಆಸುಪಾಸು, ಕೈಯಲ್ಲೊಂದು ಕೊಡೆ. ಶಾಸನ ಕೆತ್ತಿದ ಬಂಡೆಯ ಹತ್ತಿರ ಹೋದವರು ಕೈಮುಗಿದು ನಿಂತುಬಿಟ್ಟರು, ಕಣ್ಣು ತುಂಬಿತ್ತು. ಈ ರಾಜನ ಮಗ ಬುದ್ಧನ ಮಾತನ್ನೂ ಮಗಳು ಬೋಧಿಮರದ ಕೊಂಬೆಯನ್ನೂ ತಮ್ಮ ದ್ವೀಪಕ್ಕೆ ತಂದರಂತೆ. ಆ ಮರ ಇನ್ನೂ ಇದೆಯಂತೆ. ಅಲ್ಲಿ ಭಿಕ್ಕುಗಳಿಗೆ ಊಟ ಕೊಡಲು ಮನೆಗಳು ಸರದಿ ಹಚ್ಚಿ ತಿಂಗಳುಗಟ್ಟಲೆ ಕಾಯುತ್ತವಂತೆ. ಸಣ್ಣವರೂ ಧರ್ಮದಲ್ಲಿ ನಡೆದರೆ ದೊಡ್ಡದನ್ನು ಮುಟ್ಟಬಲ್ಲರು ಎಂದು ಬಂಡೆ ಹೇಳುತ್ತದೆ ಎಂದೂ ಅಂದರು. ಅಂಥ ಮಾತನ್ನು ಎರಡು ಸಾವಿರ ವರ್ಷ ಪಕ್ಕದಲ್ಲಿಟ್ಟುಕೊಂಡ ಸೀಮೆಯಲ್ಲಿ ನಮ್ಮವರ ಚಹಾದ ಕಪ್ಪು ಬೇರೆ ಇರುತ್ತಿತ್ತು ಎಂದು ನಾನು ಅವರಿಗೆ ಹೇಳಲಿಲ್ಲ. ನಾಚಿಕೆಯಾಯಿತು.

ಮನೆ ಮುಟ್ಟಿದಾಗ ಹನ್ನೊಂದೂವರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅನ್ನ ಎಲ್ಲ ಬಡಿಸಿದ ತಾಟನ್ನು ಅತ್ತೆ ಚಾಪೆಯ ಮುಂದೆ ಇಟ್ಟಳು. ಇಟ್ಟು, ಹಿಂದೆ ಸರಿದು, ಬಾಗಿಲ ಹತ್ತಿರ ನಿಂತಳು.

ಭಂತೇಜಿ ಕಣ್ಣು ಕೆಳಗೆ ಮಾಡಿ ಕೂತರು. ತಾಟು ಮುಟ್ಟಲಿಲ್ಲ. ಮಾವ ಕೈಮುಗಿದು ಊಟ ಮಾಡಿರೆಂದ. ಅವರು ನಕ್ಕರು, ಮುಟ್ಟಲಿಲ್ಲ. ಗಡಿಯಾರದಲ್ಲಿ ಹನ್ನೊಂದು ನಲವತ್ತೈದು. ಅತ್ತೆ ನನ್ನ ಕಿವಿಯಲ್ಲಿ, “ನೋಡಿದೇನು? ಲಂಕಾದಿಂದ ಬಂದ್ರೂ ಅಷ್ಟ,” ಅಂದಳು. ಸಿಟ್ಟು ಅಂದುಕೊಂಡೆ, ನೋಡಿದರೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನನಗೆ ತಡೆಯಲಾಗಲಿಲ್ಲ. ಯಾಕೆ ಉಣ್ಣುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳೇಬಿಟ್ಟೆ. ಭಂತೇಜಿ ಸಂಕೋಚದಿಂದ ಹೇಳಿದರು: ಭಿಕ್ಕುವಾದವನು ತಾನಾಗಿ ಏನನ್ನೂ ಎತ್ತಿಕೊಳ್ಳುವಂತಿಲ್ಲ. ಯಾರಾದರೂ ಕೈಗೆ ಕೊಡಬೇಕು. ಕೊಡಿ ಎಂದು ಕೇಳುವಂತೆಯೂ ಇಲ್ಲ. ನಮ್ಮ ದ್ವೀಪದಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು.

“ಅತ್ತಿ, ನೀ ಎತ್ತಿ ಅವ್ರ ಕೈಗೆ ಕೊಡಬೇಕಂತ. ಇಲ್ಲಾಂದ್ರ ಅವ್ರು ಉಣ್ಣಂಗಿಲ್ಲ.”

“ನನ್ನ ಕೈಲೆ?”

“ನಿನ್ನ ಕೈಲೆ.”

ಅತ್ತೆ ಹೊರಗೆ ಹೋಗಿ ಎರಡು ಸಲ ಕೈ ತೊಳೆದು ಬಂದಳು. ಮಂಡಿಯೂರಿ ತಾಟು ಎತ್ತಿದಳು. ಭಂತೇಜಿ ಎರಡೂ ಕೈಯಲ್ಲಿ ಇಸಗೊಂಡರು, ಬೆರಳಿಗೆ ಬೆರಳು ತಾಕಿತು. ಆಮೇಲೆ ನೋಡಬೇಕಿತ್ತು ಅವರ ಊಟ. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ಮೂಗಲ್ಲಿ ನೀರು, ಆದರೂ ತಾಟಿನಲ್ಲಿ ಒಂದಗುಳು ಬಿಡಲಿಲ್ಲ. ಅತ್ತೆಯ ಕಣ್ಣಲ್ಲೂ ನೀರು. ಅವಳು ಹಿಂಡಿ ತಿಂದಿರಲಿಲ್ಲ.

ಬುದ್ಧ ಗೋಡೆಯಲ್ಲೇ ಉಳಿದ. ದೇವಿಯೂ ಗಡಿಗೆಯ ಹಿಂದಿನಿಂದ ಹೊರಬಂದು ಅವನ ಪಕ್ಕದಲ್ಲಿ ಕೂತಳು.

ಮರುವಾರ ಅತ್ತೆಯ ಜೊತೆ ಹಂಪಣ್ಣನ ಕಿರಾಣಿ ಅಂಗಡಿಗೆ ಹೋಗಿದ್ದೆ. ಚಹಾಪುಡಿ ಕೇಳಿದಳು. ಹಂಪಣ್ಣ ಎಂದಿನಂತೆ ಪೊಟ್ಟಣವನ್ನು ಕಟ್ಟೆಯ ತುದಿಗಿಟ್ಟು ಕೈ ಹಿಂದೆ ತಗೊಂಡ. ಅತ್ತೆ ಎತ್ತಿಕೊಳ್ಳಲಿಲ್ಲ. ಕಣ್ಣು ಕೆಳಗೆ ಮಾಡಿ ನಿಂತಳು. ಹಿಂದೆ ನಾಲ್ಕೈದು ಗಿರಾಕಿಗಳು ಸೇರಿದರು.

“ಯಾಕಬೇ, ಬ್ಯಾಡೇನು?”

“ಬೇಕ್ರಿ,” ಅಂದಳು. ನಿಂತೇ ಇದ್ದಳು.

ಹಂಪಣ್ಣ ಅವಳ ಮುಖ ನೋಡಿದ, ಗಿರಾಕಿಗಳನ್ನು ನೋಡಿದ. ಕಡೆಗೆ ಪೊಟ್ಟಣ ಎತ್ತಿ ಮುಂದೆ ಚಾಚಿದ. ಅತ್ತೆ ಅದನ್ನು ಭಂತೇಜಿಯ ಹಾಗೆ ಎರಡೂ ಕೈಯಲ್ಲಿ ಇಸಗೊಂಡಳು.