ಅಪ್ಪನ ಕಾರು ಲಾರಿ ಹತ್ತಿದ ದಿನ

ಬುಕಿಂಗ್ ಅಕ್ಕ ಅಂದರೆ ಆ ಲಾರಿ ಆಫೀಸಿನಲ್ಲಿ ಎಲ್ಲರಿಗೂ ಅಕ್ಕನೇ. ಡ್ರೈವರುಗಳಿಗೆ ಅಕ್ಕ, ಕ್ಲೀನರುಗಳಿಗೆ ಅಕ್ಕ, ಅವಳಿಗಿಂತ ಎಷ್ಟೋ ದೊಡ್ಡವರಾದ, ಮೊಮ್ಮಕ್ಕಳನ್ನು ಕಂಡ ಯಜಮಾನರೂ ಬಾಗಿಲಲ್ಲಿ ನಿಂತು "ಅಕ್ಕಾ, ಆ ನೀಲಿ ಗಾಡಿ ಹೊರಟಿತಾ?" ಎಂದು ಕೂಗುವವರೇ. ತಂಗಿ ಎಂದು ಕರೆಯಬಹುದಾದ ಮನುಷ್ಯ ಇಡೀ ಊರಲ್ಲಿ ಒಬ್ಬನೇ ಇದ್ದ. ಅವನ ಜೊತೆ ಅವಳಿಗೆ ಮಾತಿರಲಿಲ್ಲ.

ಆಫೀಸು ಎಂದರೆ ದೊಡ್ಡದೇನೂ ಅಲ್ಲ. ಲಾರಿಗಳು ನಿಲ್ಲುವ ಅಂಗಳದ ಮೂಲೆಯಲ್ಲಿ ತಗಡಿನ ಮಾಡಿನ ಒಂದು ಕೋಣೆ. ಒಂದು ಮೇಜು, ಎರಡು ಫೋನು, ತಿರುಗುವುದಕ್ಕಿಂತ ಹೆಚ್ಚು ಗೊಣಗುವ ಒಂದು ಫ್ಯಾನು. ಕಿಟಕಿಯಿಂದ ನೋಡಿದರೆ ಕಾರುಗಳನ್ನು ಲಾರಿಗೆ ಹತ್ತಿಸುವ ಕಬ್ಬಿಣದ ಹಲಗೆಗಳು ಕಾಣುತ್ತವೆ. ಒಂದೂರಲ್ಲಿ ಕೊಂಡ ಕಾರನ್ನು ಇನ್ನೊಂದೂರಿಗೆ ಗೀರು ಬೀಳದ ಹಾಗೆ ತಲುಪಿಸುವುದು ಇವರ ಕಸುಬು. ಯಾವ ಲಾರಿ, ಯಾವ ದಾರಿ, ಯಾವ ಡ್ರೈವರು ಎಂದು ಗೊತ್ತುಮಾಡುವುದು ಅಕ್ಕನ ಕೆಲಸ. ಹೊಸ ಕಾರಿನವರು ಸುಲಭ, ಎರಡು ಮಾತಲ್ಲಿ ಮುಗಿಯುತ್ತದೆ. ಹಳೇ ಕಾರು ಕೊಂಡವರಿದ್ದಾರಲ್ಲ, ಅವರು ಪ್ರಾಣ ತಿನ್ನುತ್ತಾರೆ. ಮಗಳನ್ನು ಮೊದಲ ಸಲ ದೂರದ ಹಾಸ್ಟೆಲಿಗೆ ಕಳಿಸಿದ ಅಪ್ಪಂದಿರ ಹಾಗೆ ಗಳಿಗೆಗೊಂದು ಫೋನು. "ಮೇಡಂ, ಮಳೆ ಬಂದ್ರೆ?" "ಮೇಡಂ, ಡ್ರೈವರು ನಿದ್ದೆಗೆಟ್ಟಿಲ್ಲ ತಾನೇ?" ಅಕ್ಕ ಬೇಸರ ಮಾಡಿಕೊಳ್ಳುವವಳಲ್ಲ. "ನಿಮ್ಮ ಕಾರಿಗೆ ಏನೂ ಆಗಲ್ಲ ಸ್ವಾಮಿ. ನೀವು ಮೊದಲು ಊಟ ಮಾಡಿ ಹೋಗಿ," ಎನ್ನುವಳು.

ಎಲ್ಲರೂ ಕೇಳುವ ಪ್ರಶ್ನೆಗಳನ್ನು ಅವಳೂ ಕೇಳುತ್ತಿದ್ದಳು. ಗಾಡಿ ಓಡುತ್ತದಾ, ಬ್ರೇಕು ಹಿಡಿಯುತ್ತದಾ, ನೆಲದಿಂದ ಎಷ್ಟು ಎತ್ತರ, ತೆರೆದ ಲಾರಿ ಸಾಕಾ, ಮುಚ್ಚಿದ್ದೇ ಬೇಕಾ. ಕೊನೆಯದು ಮಾತ್ರ ಅವಳ ಸ್ವಂತದ್ದು. "ಗಾಡಿಗೆ ಏನಾದ್ರೂ ಚಾಳಿ ಇದೆಯಾ?" ಎಂದು ಕೇಳುವಳು. ಮೊದಮೊದಲು ಗಿರಾಕಿಗಳು ನಗುತ್ತಿದ್ದರು, ಆಮೇಲೆ ಯೋಚನೆ ಮಾಡಿ ಹೇಳುತ್ತಿದ್ದರು. ಎರಡನೇ ಗೇರಿಗೆ ಹಾಕಿದರೆ ಕೊಸರಾಡುತ್ತದೆ, ಬೆಳಿಗ್ಗೆ ಬೆಳಿಗ್ಗೆ ಹಾರ್ನು ತಾನಾಗಿಯೇ ಹೊಡೆದುಕೊಳ್ಳುತ್ತದೆ, ಹ್ಯಾಂಡ್‌ಬ್ರೇಕನ್ನು ನಂಬುವ ಹಾಗಿಲ್ಲ. ಅಕ್ಕ ಅದನ್ನೆಲ್ಲ ಡ್ರೈವರಿಗೆ ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದಳು. ಅಲ್ಲಿಯ ಎಲ್ಲಕ್ಕಿಂತ ದೊಡ್ಡ ಲಾರಿಯ ಡ್ರೈವರು ಕಡ್ಡಿ. ಹೆಸರಿಗೆ ಕಡ್ಡಿ, ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕಿಲ್ಲ. "ಅಕ್ಕ ಕಾರಿನ ಜಾತಕ ಬರೆಯೋದೊಂದು ಬಾಕಿ," ಎಂದು ಅವನು ಗೇಲಿ ಮಾಡುವನು. ಆದರೆ ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುವನು.

ಒಂದು ದಿನ ಫೋನು ಬಂತು. "ಹಲೋ, ಒಂದು ಹಳೇ ಕಾರು ಸಾಗಿಸ್ಬೇಕಿತ್ತು," ಎಂದಿತು ಆ ಕಡೆಯ ದನಿ.

ಅಕ್ಕನಿಗೆ ತಕ್ಷಣ ಗೊತ್ತಾಯಿತು. ಎಷ್ಟು ವರ್ಷವಾದರೇನು, ಅಣ್ಣನ ದನಿ ಮರೆಯುತ್ತದೆಯೇ? ಸ್ವಲ್ಪ ಒಡೆದಿತ್ತು, ಸ್ವಲ್ಪ ತಗ್ಗಿತ್ತು, ಅಷ್ಟೇ. ಅವನಿಗೂ ಅವಳ ದನಿ ಗೊತ್ತಾಗಿರಲೇಬೇಕು. ಊರಲ್ಲಿ ಲಾರಿ ಆಫೀಸುಗಳಿಗೇನು ಬರವೇ? ಎಲ್ಲ ಬಿಟ್ಟು ಇಲ್ಲಿಗೇ ಮಾಡಿದ್ದಾನೆ. ಆದರೂ ಇಬ್ಬರೂ ಅಪರಿಚಿತರ ಹಾಗೆ ಮಾತಾಡಿದರು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು "ನೀವು, ತಾವು" ಎಂದು ಮಾತಾಡುವುದನ್ನು ಕೇಳಿದ್ದರೆ ನಿಮಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

"ಕಾರು ಎಲ್ಲಿದೆ ಸರ್?"

ಅವನು ದೂರದ ಒಂದು ಊರಿನ ಹೆಸರು ಹೇಳಿದ. ಅಲ್ಲೇ ಇದ್ದಾನಂತೆ, ನಿನ್ನೆ ಕೊಂಡನಂತೆ.

"ನಂಬರು ಹೇಳಿ."

ಅವನು ಹೇಳಿದ. ಅರ್ಧ ಹೇಳುವಷ್ಟರಲ್ಲಿ ಅಕ್ಕನಿಗೆ ಉಳಿದರ್ಧ ಗೊತ್ತಿತ್ತು. ಅದು ಅಪ್ಪನ ಕಾರು.

ಅಪ್ಪ ಆ ಕಾರನ್ನು ಬಾಡಿಗೆಗೆ ಓಡಿಸಿ ಇಬ್ಬರು ಮಕ್ಕಳನ್ನು ಸಾಕಿದವನು. ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇದ್ದ, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕಿದ್ದ ಹಳೇ ಕಾಲದ ಗಾಡಿ. ಬಾಡಿಗೆ ಇಲ್ಲದ ದಿನ ಅಪ್ಪ ಮಗಳನ್ನು ಸ್ಟೀರಿಂಗಿನ ಹಿಂದೆ ಕೂರಿಸಿ ಖಾಲಿ ಮೈದಾನದಲ್ಲಿ ಸುತ್ತು ಹಾಕಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅಣ್ಣ ಕೂತು "ಪುಟ್ಟಿ, ಮರ! ಪುಟ್ಟಿ, ಮರ!" ಎಂದು ಕಿರುಚುತ್ತಿದ್ದ. ಅವಳು ಮರಕ್ಕೆ ಒಮ್ಮೆಯೂ ಗುದ್ದಲಿಲ್ಲ. ಅಣ್ಣ ಕಲಿಯುವಾಗ ಗುದ್ದಿದ, ಎಡಗಡೆ ಬಾಗಿಲು ಜೋತುಬಿತ್ತು. ಅಂದಿನಿಂದ ಅದನ್ನು ಸ್ವಲ್ಪ ಎತ್ತಿಯೇ ಹಾಕಬೇಕಾಗಿತ್ತು.

ಅಪ್ಪ ಹೋದ ಮೇಲೆ ಕಾರು ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತು. ಅಕ್ಕ ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು. ಬಿಡುವಾದಾಗ ಹೋಗಿ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರುತ್ತಿದ್ದಳು. ಒಂದು ದಿನ ಹೋದರೆ ಶೆಡ್ಡು ಖಾಲಿ. ಗುಡಿಸಿ ಬೇರೆ ಇಟ್ಟಿದ್ದರು! ಅಣ್ಣ ಮಾರಿದ್ದ. ನಿಂತಲ್ಲೇ ತುಕ್ಕು ಹಿಡಿಯುವುದನ್ನು ನೋಡಲಾಗಲಿಲ್ಲ ಎಂದ. ಅದು ಸುಳ್ಳಲ್ಲ, ಅವಳಿಗೂ ಗೊತ್ತು. ಅವಳಿಗೆ ಸಿಟ್ಟು ಬಂದದ್ದು ಅವನು ಮಾರಿದ್ದಕ್ಕಲ್ಲ, ಒಂದು ಮಾತು ಕೇಳದೆ ಮಾರಿದ್ದಕ್ಕೆ. "ನಾನು ಅಪ್ಪನಿಗೆ ಏನೂ ಅಲ್ವಾ?" ಎಂದು ಕೇಳಿದಳು. ಅವಳು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಇಬ್ಬರೂ ಒಂದೇ ಅಪ್ಪನ ಮಕ್ಕಳು, ಹಟದಲ್ಲಿ ಒಬ್ಬರಿಗೊಬ್ಬರು ಸೋಲುವವರಲ್ಲ.

ಈಗ ಅದೇ ಕಾರು. ಅಕ್ಕ ಪ್ರಶ್ನೆಗಳನ್ನು ಕೇಳುತ್ತ ಹೋದಳು. ಓಡುತ್ತದಂತೆ. ಬ್ರೇಕು ಹಿಡಿಯುತ್ತದಂತೆ. ಮುಚ್ಚಿದ ಲಾರಿಯೇ ಬೇಕಂತೆ. ಇಲ್ಲಿಯ ಅಂಗಳದಲ್ಲೇ ಇಳಿಸಿದರೆ ಸಾಕಂತೆ, ತಾನೇ ಬಂದು ತೆಗೆದುಕೊಂಡು ಹೋಗುತ್ತಾನಂತೆ. "ಆಯ್ತು ಸರ್, ಗಾಡಿ ಕಳಿಸ್ತೀವಿ," ಎಂದು ಫೋನಿಟ್ಟಳು. ಕೊನೆಯ ಪ್ರಶ್ನೆಯನ್ನು ಕೇಳಲಿಲ್ಲ. ಯಾಕೆ ಕೇಳಬೇಕು? ಆ ಕಾರಿನ ಚಾಳಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮನೆಯಲ್ಲಿ ಗಂಡನಿಗೆ ಹೇಳಿದಳು. ಆತ ಕನ್ನಡಕ ರಿಪೇರಿ ಮಾಡುವವನು, ಮಾತೂ ಆ ಸಣ್ಣ ಸ್ಕ್ರೂಗಳ ಹಾಗೆಯೇ, ಎಣಿಸಿದಷ್ಟೇ. "ಆ ಕಾರು ಇಳಿಯೋ ದಿನ ನಾನು ರಜಾ ಹಾಕ್ತೀನಿ. ಅವನ ಮುಖ ನೋಡೋಕಾಗಲ್ಲ ನನಗೆ," ಎಂದಳು.

"ಹಾಕು," ಎಂದ ಗಂಡ. ಆಮೇಲೆ, "ಅವನು ನಿಮ್ಮ ಆಫೀಸಿಗೆ ಫೋನ್ ಮಾಡೋಕೆ ಎಷ್ಟು ದಿನ ಧೈರ್ಯ ಕೂಡಿಸ್ಕೊಂಡ್ನೋ ಪಾಪ," ಎಂದು ಸೇರಿಸಿದ. ಅವಳು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸಿದಳು.

ಕಡ್ಡಿ ಹೊರಡುವ ಬೆಳಿಗ್ಗೆ ಅಕ್ಕ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ ಪಾಠ ಹೇಳಿದಳು. "ಎಡಗಡೆ ಬಾಗಿಲು ಮೆಲ್ಲಗೆ ಎತ್ತಿ ಹಾಕು, ಬಡೀಬೇಡ. ಚಾಲೂ ಮಾಡೋಕೆ ಮುಂಚೆ ಚೋಕು ಪೂರ್ತಿ ಈಚೆಗೆ ಎಳಿ. ಆಕ್ಸಿಲರೇಟರ್ ನಾಲ್ಕೈದು ಸಲ ಚೆನ್ನಾಗಿ ತುಳಿ. ಆಮೇಲೆ ಕೀ ತಿರುಗಿಸು. ಅರ್ಧಂಬರ್ಧ ಮಾಡಿದ್ರೆ ಏಳಲ್ಲ ಅದು, ಮೊಂಡು."

"ಗಿರಾಕಿ ಇಷ್ಟೆಲ್ಲಾ ಹೇಳಿದ್ರಾ?" ಎಂದ ಕಡ್ಡಿ.

"ಹೋಗೋ, ಹೇಳಿದಷ್ಟು ಮಾಡು," ಎಂದಳು.

ಕಡ್ಡಿ ಆ ಊರು ಮುಟ್ಟಿದ ದಿನ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಫೋನು ಬಡಿದುಕೊಂಡಿತು. ಹಿಂದೆ ಹಾರ್ನುಗಳ ಗದ್ದಲ. "ಅಕ್ಕಾ, ಕೆಟ್ಟೆ! ಕಾರು ಜಪ್ಪಯ್ಯ ಅಂದ್ರೂ ಏಳ್ತಿಲ್ಲ. ನೀವು ಹೇಳಿದ್ದೆಲ್ಲ ಮಾಡ್ದೆ. ಚೋಕು ಎಳ್ದೆ, ತುಳ್ದೆ, ತಿರುಗಿಸ್ದೆ. ಈಗ ಪೆಟ್ರೋಲ್ ವಾಸನೆ ಗಮ್ಮಂತ ಹೊಡೀತಿದೆ. ಸಣ್ಣ ಬೀದಿ, ನನ್ನ ಲಾರಿ ಅಡ್ಡ ನಿಂತಿದೆ, ಹಿಂದೆ ಊರಿಗೂರೇ ನಿಂತಿದೆ. ಕೊಕ್ಕೆ ಹಾಕಿ ಎಳೆಯೋಣ ಅಂದ್ರೆ ಈ ಹಳೇ ಬಂಪರು ಕೈಗೇ ಬಂದುಬಿಡತ್ತೆ."

ಅಕ್ಕನಿಗೆ ಅರ್ಥವಾಗಲಿಲ್ಲ. "ಬೆಳಿಗ್ಗೆಯಿಂದ ಯಾರೂ ಚಾಲೂ ಮಾಡಿರ್ಲಿಲ್ವಾ?"

"ಗಿರಾಕಿ ಮಾಡಿದ್ರಂತೆ. ಕೀ ತಿರುಗಿಸಿದ ತಕ್ಷಣ ಎದ್ದಿತ್ತಂತೆ. ನಡುವೆ ಇದ್ದ ಓನರು ಕಾರ್ಬುರೇಟರ್ ಹೊಸದು ಹಾಕ್ಸಿದ್ದಾರಂತೆ, ಚೋಕು ಬೇಕಾಗೇ ಇಲ್ವಂತೆ, ಎಳೆದ್ರೆ ಪೆಟ್ರೋಲು ಉಕ್ಕಿ ಎಂಜಿನ್ ಒದ್ದೆಯಾಗತ್ತಂತೆ. ಬಾಗಿಲೂ ಸರಿಯಾಗಿದೆ, ಬೆರಳಲ್ಲಿ ತಳ್ಳಿದ್ರೆ ಹಾಕ್ಕೊಳ್ಳತ್ತೆ. ನಾನು ನಿಮ್ಮ ಮಾತು ಕೇಳಿ ಎತ್ತೀ ಎತ್ತೀ ಹಾಕ್ತಿದ್ದೆ. ಅಕ್ಕಾ, ಈ ಚಾಳಿಯೆಲ್ಲ ನಿಮಗೆ ಯಾರು ಹೇಳಿದ್ದು?"

ಅಕ್ಕನ ಕಿವಿ ಬಿಸಿಯಾಯಿತು. ಯಾರೂ ಹೇಳಿರಲಿಲ್ಲ, ಅವಳು ಯಾರನ್ನೂ ಕೇಳಿರಲಿಲ್ಲ. ಪ್ರತಿಯೊಬ್ಬ ಗಿರಾಕಿಯನ್ನೂ ಕೇಳುವವಳು ಈ ಒಬ್ಬನನ್ನು ಮಾತ್ರ ಕೇಳದೆ, ತನಗೇ ಎಲ್ಲ ಗೊತ್ತು ಎಂದುಕೊಂಡಿದ್ದಳು. ಕಾರು ಅವಳಿಲ್ಲದೆಯೂ ಎಷ್ಟೋ ವರ್ಷ ಬದುಕಿತ್ತು, ವಾಸಿಯಾಗಿತ್ತು. ಅವಳಿಗೆ ನಾಚಿಕೆಯಾಯಿತು, ಜೊತೆಗೆ ಯಾಕೋ ಹಗುರವೂ ಆಯಿತು.

"ಬಾನೆಟ್ ಎತ್ತು. ಚೋಕು ಪೂರ್ತಿ ಒಳಗೆ ತಳ್ಳು. ಪೆಟ್ರೋಲು ಆರೋ ತನಕ ಯಾರೂ ಮುಟ್ಬೇಡಿ, ಬೀಡಿ ಗೀಡಿ ಹತ್ತಿರ ತರಬೇಡಿ," ಎಂದಳು. ಆಮೇಲೆ, "ಅವರು ಇದ್ದಾರಾ ಅಲ್ಲಿ? ಫೋನ್ ಕೊಡು," ಎಂದಳು.

ಫೋನು ಕೈ ಬದಲಾಯಿಸಿತು. ಹಾರ್ನುಗಳು ಇನ್ನೂ ಬೊಬ್ಬೆ ಹೊಡೆಯುತ್ತಿದ್ದವು.

"ನನ್ನ ತಪ್ಪು. ಕೇಳಬೇಕಿತ್ತು. ಕೇಳ್ಲಿಲ್ಲ," ಎಂದಳು ಅಕ್ಕ.

ಆ ಕಡೆಯಿಂದ ಅಣ್ಣನ ನಗು ಕೇಳಿಸಿತು, ಮೂಗು ಕಟ್ಟಿದವನ ನಗು. "ಅವನು ಬಾಗಿಲು ಎತ್ತಿ ಹಾಕಿದಾಗಲೇ ಗೊತ್ತಾಯ್ತು ಪುಟ್ಟಿ, ನೀನೇ ಹೇಳಿ ಕಳಿಸಿದ್ದು ಅಂತ."

"ಮತ್ತೆ ತಡೀಬಾರದಿತ್ತಾ? ಚೋಕು ಬೇಡ ಅಂತ ನಿನಗೆ ಗೊತ್ತಿತ್ತಲ್ಲ!"

"ತಡಿಯೋಕೆ ಮನಸ್ಸು ಬರ್ಲಿಲ್ಲ. ಅಪ್ಪ ಮಾಡ್ತಿದ್ದ ಹಾಗೇ ಮಾಡ್ತಿದ್ದ ಆ ಹುಡುಗ. ಪಕ್ಕದಲ್ಲಿ ನೀನೇ ನಿಂತು ಹೇಳ್ಕೊಟ್ಟ ಹಾಗಿತ್ತು. ನೋಡ್ತಾ ನಿಂತುಬಿಟ್ಟೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಯಾವುದೋ ಕೆಲಸಕ್ಕೆ ಬಂದ ಯಜಮಾನರು ಬಾಗಿಲಲ್ಲೇ ನಿಂತು, ಅವಳನ್ನು ನೋಡಿ, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹಿಂದಿರುಗಿದರು. ಪೆಟ್ರೋಲು ಆರಬೇಕಾಗಿತ್ತು, ಅಷ್ಟು ಹೊತ್ತು ಮಾತಾಡದೆ ಬೇರೆ ಗತಿ ಇರಲಿಲ್ಲ. ಬಣ್ಣ ಬದಲಾಯಿಸಿದ್ದಾರೆ ಎಂದ ಅಣ್ಣ. ಸೀಟಿನ ಸ್ಪ್ರಿಂಗು ಮಾತ್ರ ಅದೇ, ಕೂತರೆ ಚುಚ್ಚುತ್ತದೆ ಎಂದ. ಮಂಡಿ ನೋವು ಹೇಗಿದೆ ಎಂದಳು ಅವಳು. ಮಂಡಿ ನೋವಿರುವುದು ನಿನಗೆ ಹೇಗೆ ಗೊತ್ತು ಎಂದ ಅವನು. ಗೊತ್ತು ಬಿಡು ಎಂದಳು. ಮಾತಿಲ್ಲದ ಅಷ್ಟೂ ವರ್ಷ ಅವರಿವರನ್ನು ಕೇಳಿ ಅವನ ಸುದ್ದಿ ತಿಳಿದುಕೊಳ್ಳುತ್ತಲೇ ಇದ್ದಳು, ಮತ್ತೇನು.

"ಪುಟ್ಟಿ," ಎಂದ ಅಣ್ಣ. ದನಿ ಮತ್ತೆ ತಗ್ಗಿತು. "ಕಾರೇನೋ ಕೊಂಡಾಗಿದೆ. ಆದ್ರೆ ಇನ್ನೂ ಲಾರಿ ಹತ್ತಿಲ್ಲ. ಈಗಲಾದ್ರೂ ಕೇಳ್ತೀನಿ. ತರ್ಲಾ, ಬೇಡ್ವಾ? ನೀನು ಬೇಡ ಅಂದ್ರೆ ಮಾರಿದವರ ಶೆಡ್ಡಲ್ಲೇ ಬಿಟ್ಟು ಬಸ್ಸು ಹತ್ತಿ ಬರ್ತೀನಿ. ಈ ಸಲ ನಿನ್ನ ಕೇಳದೆ ಏನೂ ಮಾಡಲ್ಲ."

ಇಷ್ಟು ವರ್ಷ ಅವಳು ಕಾದದ್ದು ಆ ಕಾರಿಗಲ್ಲ, ಈ ಒಂದು ಪ್ರಶ್ನೆಗೆ. ಅದು ಬಂದಾಗ ಕೊಡಬೇಕೆಂದು ಕೂಡಿಟ್ಟ ಖಾರದ ಉತ್ತರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ತಗೊಂಡು ಬಾ ಅಣ್ಣ," ಎಂದಳು. "ಆಕ್ಸಿಲರೇಟರ್ ಪೂರ್ತಿ ಕೆಳಗೆ ತುಳಿದು ಹಿಡ್ಕೊಂಡು ಕೀ ತಿರುಗಿಸೋಕೆ ಹೇಳು ಅವನಿಗೆ. ಈಗ ಏಳತ್ತೆ."

ಫೋನು ಕಿವಿಗೆ ಒತ್ತಿಕೊಂಡು ಕೂತಳು. ಎಂಜಿನ್ನು ಒಮ್ಮೆ ಕೆಮ್ಮಿತು, ಎರಡನೇ ಸಲ ಕೆಮ್ಮಿತು, ಎದ್ದಿತು. ಬೀದಿಯಲ್ಲಿ ನಿಂತವರೆಲ್ಲ ಹೋ ಎಂದರು. ಕಬ್ಬಿಣದ ಹಲಗೆಯ ಮೇಲೆ ಚಕ್ರ ಹತ್ತುವ ಸದ್ದು ಅವಳಿಗೆ ದಿನವೂ ಕೇಳುವ ಸದ್ದೇ. ಇವತ್ತು ಮಾತ್ರ ಅದು ನಿಲ್ಲುವವರೆಗೂ ಉಸಿರಾಡಲಿಲ್ಲ.

ಮತ್ತೆ ಕಡ್ಡಿಯ ದನಿ. "ಹತ್ತಿಸಿ ಕಟ್ಟಿ ಆಯ್ತು ಅಕ್ಕ, ಇನ್ನು ಹೊರಡ್ತೀನಿ. ಈ ಸಾಹೇಬ್ರು ಬಸ್‌ಸ್ಟ್ಯಾಂಡ್ ಎಲ್ಲಿ ಅಂತ ಕೇಳ್ತಿದ್ದಾರೆ. ಕುಂಟುತ್ತಾ ಇದ್ದಾರೆ ಪಾಪ."

"ನಿನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬಾ."

"ಗಿರಾಕಿಗಳನ್ನ ಲಾರೀಲಿ ಕೂರಿಸ್ಬಾರ್ದು ಅಂತ ನೀವೇ ತಾನೇ ನಮಗೆ ಬಯ್ಯೋದು?"

"ಅವರು ಗಿರಾಕಿ ಅಲ್ಲ ಕಣೋ, ನಮ್ಮಣ್ಣ," ಎಂದಳು. ಆ ಮಾತು ಇಷ್ಟು ವರ್ಷದ ಮೇಲೆ ಬಾಯಿಂದ ಬಂದದ್ದಕ್ಕೆ ಅವಳಿಗೇ ಬೆರಗಾಯಿತು. "ದಾರೀಲಿ ಹೊತ್ತು ಹೊತ್ತಿಗೆ ನಿಲ್ಸಿ ಊಟ ಮಾಡ್ಸು. ಎಷ್ಟು ಹಸಿವಾದ್ರೂ ಬಾಯಿಬಿಟ್ಟು ಕೇಳೋನಲ್ಲ ಅವನು."