ಅತ್ತೆ ತಂದ ಮಾತ್ರೆ, ನಾದಿನಿಯ ಪರೀಕ್ಷೆ

ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ದಹಿಸರ್ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಉಡುಪಿ ಕಡೆಯ ನಂಟರೆಲ್ಲ ಬರುವವರಿದ್ದರು. ನನ್ನ ಮುಟ್ಟು ಅದೇ ಹೊತ್ತಿಗೆ ಬರುತ್ತದೆಂದು ಲೆಕ್ಕ ಹಾಕಿದ ಅತ್ತೆ, ಅದನ್ನು ಮುಂದೂಡುವ ಮಾತ್ರೆ ತಂದು ಕೈಗಿಟ್ಟರು. ನಾನು ಅದನ್ನು ನುಂಗುವಂತಿರಲಿಲ್ಲ.

ಯಾಕೆಂದರೆ ನಾದಿನಿ ಶ್ವೇತಾ ಪರೇಲ್‌ನ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ತಿಂಗಳಲ್ಲಿ ಹಾರ್ಮೋನು ಏರಿಳಿದಂತೆ ಮೆದುಳಿನ ಎಡಭಾಗ, ಬಲಭಾಗ ಪರಸ್ಪರ ಸುದ್ದಿ ಮುಟ್ಟಿಸುವ ರೀತಿಯೂ ಬದಲಾಗುತ್ತದೆಯೇ ಎಂಬುದು ವಿಷಯ. ಹೆತ್ತ ತಾಯಿಗೇ ಹೇಳಲು ನಾಚಿ, ಮೆದುಳಿನ ಬಗ್ಗೆ ಏನೋ ಎಂದು ತೇಲಿಸಿಬಿಟ್ಟಿದ್ದಳು. ಅವಳ ಪರೀಕ್ಷೆಗೆ ಒಪ್ಪಿದ್ದ ಕೊನೆಯ ಹೆಂಗಸು ನಾನು. ಹಾರ್ಮೋನು ಹೆಚ್ಚಿರುವಾಗಿನ ಪರೀಕ್ಷೆ ಮುಗಿದಿತ್ತು, ಮುಟ್ಟಿನ ದಿನದ್ದು ಬಾಕಿ ಇತ್ತು. ಆ ಮಾತ್ರೆಯೂ ಹಾರ್ಮೋನೇ, ನುಂಗಿದರೆ ಎಲ್ಲ ಕೆಟ್ಟಂತೆ. ಫೋನ್ ಮಾಡಿದರೆ ಶ್ವೇತಾಗೆ ಅಳುವೇ ಬಂತು. “ಅತ್ತಿಗೆ, ಗೋಲಿ ಮತ್ ಲೇನಾ, ಆ ಮಾತ್ರೆ ತಗೊಳ್ಬೇಡ, ಪ್ಲೀಸ್. ಮುಂದಿನ ತಿಂಗಳವರೆಗೆ ಕಾಯೋಕೆ ಟೈಮ್ ಇಲ್ಲ” ಎಂದಳು.

ಅತ್ತೆ ಕಾಯಿ ತುರಿಯುತ್ತಿದ್ದಾಗ ಧೈರ್ಯ ಮಾಡಿ ಎಲ್ಲ ಹೇಳಿಬಿಟ್ಟೆ. ಕಂಪ್ಯೂಟರಿನ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಎಡಕ್ಕೊಂದು ಬಲಕ್ಕೊಂದು ಅಕ್ಷರ ಬಂದು ಮಾಯವಾಗುತ್ತದೆ, ಎರಡೂ ಒಂದೇ ಆದರೆ ಬಟನ್ ಒತ್ತಬೇಕು ಎಂದು ವಿವರಿಸಿದೆ. ತುರಿಯುವ ಕೈ ನಿಂತಿತು. ನಾನು ಬೈಸಿಕೊಳ್ಳಲು ತಯಾರಾದೆ.

“ಎಂತ ಮಾರಾಯ್ತಿ, ನಾವು ಆ ದಿನ ಮೂಲೆಯಲ್ಲಿ ಕೂತವರು. ನಿನ್ನನ್ನು ಅದೇ ದಿನ ಬಾ ಅಂತ ಕರೀತಾರಾ?”

ಹೌದೆಂದೆ.

“ಹಾಗಾದ್ರೆ ಹೋಗು. ಪೂಜೆಗೆ ನಿನ್ನ, ನಿನ್ನ ಗಂಡನ ಬದಲು ನಾನೂ ಮಾವನೂ ಕೂತ್ಕೊಳ್ತೇವೆ.” ಮಗಳು ಇಷ್ಟು ದೊಡ್ಡ ಕೆಲಸ ಮಾಡುತ್ತಾ ತನ್ನಿಂದಲೇ ಮುಚ್ಚಿಟ್ಟಳಲ್ಲ ಎಂದು ಆಮೇಲೆ ದಿನವಿಡೀ ಗೊಣಗಿದರು.

ಮುಟ್ಟು ಸರಿಯಾಗಿ ಪೂಜೆಯ ಬೆಳಿಗ್ಗೆಯೇ ಬಂತು. ಜೀವಮಾನದಲ್ಲಿ ಅದಕ್ಕಾಗಿ ಅಷ್ಟು ಖುಷಿಪಟ್ಟಿರಲಿಲ್ಲ. ಲೋಕಲ್ ರೈಲು ಹಿಡಿದು ಹೋಗಿ ಪರೀಕ್ಷೆ ಕೊಟ್ಟೆ. ಶ್ವೇತಾ ನನ್ನನ್ನು ತಬ್ಬಿಕೊಂಡು ಕುಣಿದಳು. ಸಂಜೆ ಇಬ್ಬರೂ ಮನೆಗೆ ಬಂದರೆ ಹೆಂಗಸರೆಲ್ಲ ಮುತ್ತಿಕೊಂಡರು. ಮುಟ್ಟೆಂಬ ಮಾತನ್ನು ಪಿಸುಗುಟ್ಟಿಯೇ ಆಡುತ್ತಿದ್ದ ಅತ್ತೆ, ಸೊಸೆ ಎಲ್ಲಿಗೆ, ಯಾಕೆ ಹೋಗಿದ್ದಾಳೆಂದು ಸಭೆಗೆಲ್ಲ ಗಟ್ಟಿಯಾಗಿ ಸಾರಿಬಿಟ್ಟಿದ್ದರು! ನರೆತ ತಲೆಯ ದೊಡ್ಡಮ್ಮನೊಬ್ಬರು, ನನ್ನದು ನಿಂತು ಕಾಲವಾಯಿತು, ನನ್ನ ತಲೆ ಆಗುತ್ತದಾ ಎಂದು ಶ್ವೇತಾಳನ್ನು ಕೇಳಿದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ರೂಢಿಯಂತೆ ನಾನು ಬಾಗಿಲ ಬಳಿಯೇ ನಿಂತಿದ್ದೆ. ಅತ್ತೆ ಪ್ರಸಾದ ಹಿಡಿದು ಬಂದರು. ಮೇಲಿಂದ ಹಾಕುತ್ತಾರೆಂದು ಅಂಗೈ ಚಾಚಿದೆ. ಅವರು ಆ ಕೈಯನ್ನೇ ಹಿಡಿದು ಒಳಗೆ ಕರೆದೊಯ್ದು, ಎಲ್ಲರ ನಡುವೆ ಊಟಕ್ಕೆ ಕೂರಿಸಿದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ, ಆ ದಿನಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನೆನೆದರೆ ಈಗಲೂ ಖುಷಿಯಿಂದ ಕಣ್ಣು ತುಂಬುತ್ತದೆ.